ಸೂಪರ್‌ಹೀರೋ ಸಿನಿಮಾ ಹಾಕಿ, ಆದರೆ ಯಾವುದು ಅಂತ ನೋಡಿ ಹಾಕಿ

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಸಿನಿಮಾ ಕೂಟದ ಮುಂದಿನ ಪಟ್ಟಿಗೆ ಒಂದು ಸೂಪರ್‌ಹೀರೋ ಸಿನಿಮಾ ಸೇರಿಸೋಣ ಅಂದಿದ್ದಕ್ಕೆ, "ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯೇ ಅದು ಸಿನಿಮಾ ಅಲ್ಲ ಅಂದಿದ್ದಾರೆ" ಎಂದು ಹಿರಿಯ ಸದಸ್ಯರು ನಿಮ್ಮ ಬಾಯಿ ಮುಚ್ಚಿಸಿದರು, ಅಲ್ವಾ? ನೀವು ಧೈರ್ಯವಾಗಿ ಹಾಕಿ. ಆದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ.

ಸ್ಕಾರ್ಸೆಸಿ ಹೇಳಿದ್ದು ಒಂದೇ ಮಾತಲ್ಲ. 2019ರ ಅಕ್ಟೋಬರ್‌ನಲ್ಲಿ ಎಂಪೈರ್ ಪತ್ರಿಕೆಯ ಸಂದರ್ಶನದಲ್ಲಿ ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ಚಿತ್ರಗಳ ಬಗ್ಗೆ ಕೇಳಿದಾಗ, ಅದು ಸಿನಿಮಾ ಅಲ್ಲ, ಥೀಮ್ ಪಾರ್ಕ್‌ಗೆ ಹತ್ತಿರ ಎಂದರು. ಎಲ್ಲರೂ ಹಿಡಿದುಕೊಂಡು ಕೂತಿರುವುದು ಈ ಒಂದು ಮಾತನ್ನು. ಮರುತಿಂಗಳು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅವರೇ ಬರೆದ ಲೇಖನ ಬೇರೆ ಥರ ಇದೆ. ಇವುಗಳನ್ನು ಮಾಡುವವರಲ್ಲಿ ಪ್ರತಿಭೆ ಇದೆ ಎಂದು ಅಲ್ಲಿ ಒಪ್ಪುತ್ತಾರೆ. ತಮಗೆ ಹಿಡಿಸದಿರುವುದು ಸ್ವಂತ ಅಭಿರುಚಿಯ ವಿಷಯ ಎಂದೂ ಹೇಳುತ್ತಾರೆ. ಅವರ ನಿಜವಾದ ದೂರು ಎರಡು. ಒಂದು, ಪ್ರೇಕ್ಷಕರ ಮೇಲೆ ಪರೀಕ್ಷೆ ಮಾಡಿ, ತಿದ್ದಿ ತೀಡಿ ತಯಾರಿಸುವ ಈ ಚಿತ್ರಗಳಲ್ಲಿ ಹೊಸದನ್ನು ಪ್ರಯತ್ನಿಸುವ ಯಾವ ರಿಸ್ಕೂ ಇಲ್ಲ. ಎರಡು, ಇವು ಥಿಯೇಟರ್‌ಗಳನ್ನು ತುಂಬಿಕೊಂಡು ಬೇರೆ ಚಿತ್ರಗಳಿಗೆ ಪರದೆ ಸಿಗದಂತೆ ಮಾಡುತ್ತವೆ.

ಥೀಮ್ ಪಾರ್ಕ್ ಅನ್ನೋದು ನನ್ನ ಲೆಕ್ಕದಲ್ಲಿ ಬೈಗುಳವೇ ಅಲ್ಲ. ಸಿನಿಮಾದ ಮೊದಲ ವರ್ಷಗಳಲ್ಲಿ ಜನ ಅದನ್ನು ನೋಡಿದ್ದು ಜಾತ್ರೆಗಳ ಡೇರೆಯಲ್ಲೂ ಹೌದು. ತನ್ನ ಚಿತ್ರದಲ್ಲಿ ಚಂದ್ರನ ಮೇಲಕ್ಕೆ ಜನರನ್ನು ಹಾರಿಸಿದ, ಆ ಕಾಲದ ಫ್ರೆಂಚ್ ನಿರ್ದೇಶಕ ಮೆಲಿಯೆಸ್ ವೃತ್ತಿಯಲ್ಲಿ ಜಾದೂಗಾರ. ಆದರೆ ಪರದೆಯ ದೂರು ನಿಜ, ಅದು ನಿಮ್ಮ ಕೂಟಕ್ಕೂ ತಾಗುತ್ತದೆ. ವರ್ಷಕ್ಕೆ ನೀವು ತೋರಿಸುವುದೇ ಕೆಲವು ಚಿತ್ರ. ಆ ಜಾಗವನ್ನು ಎಲ್ಲರೂ ಆಗಲೇ ನೋಡಿರುವ ಚಿತ್ರಕ್ಕೆ ಕೊಡುವುದಾದರೆ, ಮಾತಾಡಲು ಅದರಲ್ಲಿ ಏನಾದರೂ ಇರಬೇಕು.

ಹಾಗಾಗಿ 'ಅವೆಂಜರ್ಸ್: ಎಂಡ್‌ಗೇಮ್' ಬೇಡ. ಅದು ಮಾರ್ವೆಲ್ ಸರಣಿಯ 22ನೇ ಚಿತ್ರ. ಹಿಂದಿನವನ್ನು ನೋಡದವರಿಗೆ ಅರ್ಧ ತಲೆಗೇ ಹೋಗುವುದಿಲ್ಲ. (ನಾನು ಅತ್ತಿದ್ದೇನೆ, ಅದು ಬೇರೆ ಮಾತು.)

ನನ್ನ ಆಯ್ಕೆ ಸ್ಯಾಮ್ ರೈಮಿಯ 2004ರ 'ಸ್ಪೈಡರ್‌ಮ್ಯಾನ್ 2'. ಅದರ ಆಸ್ಪತ್ರೆಯ ದೃಶ್ಯ ಒಂದಕ್ಕೇ ಒಂದು ಸಂಜೆ ಕೊಡಬಹುದು. ಪ್ರಜ್ಞೆಯಿಲ್ಲದೆ ಮಲಗಿರುವ ವಿಜ್ಞಾನಿಯ ಬೆನ್ನಿಗೆ ಅಂಟಿದ ಯಾಂತ್ರಿಕ ತೋಳುಗಳನ್ನು ವೈದ್ಯರು ಕತ್ತರಿಸಲು ಹೊರಡುತ್ತಾರೆ. ತೋಳುಗಳು ಎಚ್ಚರಾಗುತ್ತವೆ. ಮುಂದೆ ಅಬ್ಬರದ ಹಿನ್ನೆಲೆ ಸಂಗೀತ ಇಲ್ಲ. ಕಿರುಚಾಟ, ಗೋಡೆಯ ಮೇಲೆ ನೆರಳು, ಎಳೆದೊಯ್ಯುವಾಗ ನೆಲವನ್ನು ಕೆರೆಯುವ ಉಗುರು. ಕ್ಯಾಮೆರಾ ಕೆಲವೊಮ್ಮೆ ತೋಳಿನ ಕಣ್ಣೇ ಆಗಿ ನುಗ್ಗುತ್ತದೆ. ರೈಮಿ ಬಂದಿದ್ದೇ ಕಡಿಮೆ ದುಡ್ಡಿನ ಹಾರರ್ ಚಿತ್ರದಿಂದ. ತನ್ನ ಹಳೆಯ ಕಸುಬನ್ನು ಮಕ್ಕಳೂ ನೋಡುವ ಚಿತ್ರದೊಳಗೆ ತಂದು ಹಾಕಿದ್ದಾನೆ. ಇದು ಯಾವ ಸಮಿತಿಯೂ ಕೂತು ತೀರ್ಮಾನಿಸಿದ ದೃಶ್ಯದಂತೆ ನನಗೆ ಕಾಣುವುದಿಲ್ಲ.

ಚಿತ್ರ ಮುಗಿದ ಮೇಲೆ ಈ ದೃಶ್ಯವನ್ನು ಇನ್ನೊಮ್ಮೆ ಹಾಕಿ. "ಇದು ಸಿನಿಮಾ ಹೌದಾ ಅಲ್ಲವಾ" ಅಂತ ಕೇಳಬೇಡಿ, ಜಗಳ ಅಲ್ಲಿಗೇ ವಾಪಸ್ ಹೋಗುತ್ತದೆ. ಕ್ಯಾಮೆರಾ ಎಲ್ಲಿತ್ತು, ಶಾಟ್ ಯಾವಾಗ ಕತ್ತರಿಸಿದರು, ಏನನ್ನು ತೋರಿಸಲಿಲ್ಲ ಅಂತ ಕೇಳಿ. ಆಮೇಲೆ ಯಾವುದಾದರೂ ಸಾಧಾರಣ ಸೂಪರ್‌ಹೀರೋ ಚಿತ್ರದ ಕ್ಲೈಮ್ಯಾಕ್ಸ್ ಐದು ನಿಮಿಷ ಹಾಕಿ ಅದೇ ಪ್ರಶ್ನೆ ಕೇಳಿ. ಬೂದು ಧೂಳು, ಬೀಳುವ ಕಟ್ಟಡ, ಯಾರು ಎಲ್ಲಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಇಲ್ಲಿ ಹಿರಿಯರ ವಾದಕ್ಕೂ ಬಲ ಸಿಗುತ್ತದೆ. ಅರ್ಜೆಂಟೀನಾದ ನಿರ್ದೇಶಕಿ ಲುಕ್ರೇಸಿಯಾ ಮಾರ್ತೆಲ್ ಅವರ ಜೊತೆ ಮಾರ್ವೆಲ್ ಮಾತುಕತೆ ನಡೆಸಿದಾಗ, ಹೊಡೆದಾಟದ ದೃಶ್ಯಗಳ ಚಿಂತೆ ನಿಮಗೆ ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ ಎಂದಿದ್ದರಂತೆ. ಮಾರ್ತೆಲ್ ಅವರೇ ಹೇಳಿದ ಮಾತು. ಚಿತ್ರದ ಅಷ್ಟು ದೊಡ್ಡ ಪಾಲು ನಿರ್ದೇಶಕಿಯ ಕೈಯಲ್ಲಿಲ್ಲ ಎಂದರೆ ಅದು ಯಾರ ಚಿತ್ರ?

ಎರಡನೇ ಸಂಜೆ ಸಿಕ್ಕರೆ 2018ರ 'ಸ್ಪೈಡರ್‌ಮ್ಯಾನ್: ಇಂಟು ದ ಸ್ಪೈಡರ್‌ವರ್ಸ್' ಹಾಕಿ. ಅನಿಮೇಷನ್ ವಿಭಾಗದಲ್ಲಿ ಆಸ್ಕರ್ ಗೆದ್ದ ಚಿತ್ರ. ಅದರ ಕಾಡಿನ ದೃಶ್ಯ ನೋಡಿ. ಅನುಭವಿ ಸ್ಪೈಡರ್‌ಮ್ಯಾನ್ ಪೀಟರ್ ಸೆಕೆಂಡಿಗೆ 24 ಚಿತ್ರಗಳಲ್ಲಿ ನುಣ್ಣಗೆ ಹಾರುತ್ತಾನೆ. ಇನ್ನೂ ಕಲಿಯುತ್ತಿರುವ ಹುಡುಗ ಮೈಲ್ಸ್‌ಗೆ 12 ಮಾತ್ರ, ಅದಕ್ಕೇ ಅವನು ತಡವರಿಸಿದಂತೆ ಕಾಣುತ್ತಾನೆ. ಹುಡುಗನಿಗೆ ಇನ್ನೂ ಕೈ ಕೂಡಿಲ್ಲ ಅನ್ನುವುದನ್ನು ಒಂದೂ ಮಾತಿಲ್ಲದೆ ಹೇಳುವ ರೀತಿ ಇದು.

ಒಂದು ಎಚ್ಚರಿಕೆ. ಟಿವಿಯಲ್ಲಿ ತೋರಿಸುವುದಾದರೆ ಚಲನೆಯನ್ನು ನುಣುಪು ಮಾಡುವ ಮೋಷನ್ ಸ್ಮೂದಿಂಗ್ ಸೆಟ್ಟಿಂಗ್ ಮೊದಲೇ ಆಫ್ ಮಾಡಿ. ಅದು ಆನ್ ಇದ್ದರೆ ಟಿವಿಯೇ ನಡುವೆ ಚಿತ್ರಗಳನ್ನು ತುರುಕುತ್ತದೆ, ಈ 12-24ರ ವ್ಯತ್ಯಾಸ ಮಾಯ. ನಾನು ಒಮ್ಮೆ ಮರೆತು, ಇಲ್ಲದ ತಡವರಿಕೆಯ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದ್ದೇನೆ.