ಬೀಡಿ ಬಿಟ್ಟ ಮೇಲೆ ಎದೆಬಡಿತ ಹೆಚ್ಚಿದ್ದೇಕೆ?

ಪ್ರಶ್ನೆ: ನಮ್ಮ ತಂದೆಯವರು ಉಬ್ಬಸಕ್ಕಾಗಿ ಬಹಳ ವರ್ಷಗಳಿಂದ ಥಿಯೋಫಿಲಿನ್ ಮಾತ್ರೆ ಸೇವಿಸುತ್ತಿದ್ದಾರೆ. ಕಳೆದ ತಿಂಗಳು ಬೀಡಿ ಸೇದುವುದನ್ನು ಪೂರ್ತಿ ನಿಲ್ಲಿಸಿದರು. ಈಚೆಗೆ ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಸಿನ್ ಆರಂಭಿಸಿದ ಎರಡೇ ದಿನಗಳಲ್ಲಿ ಎದೆಬಡಿತ, ಕೈನಡುಕ, ವಾಂತಿ ಕಾಣಿಸಿಕೊಂಡವು. ವೈದ್ಯರು ಸೋಂಕಿನ ಮಾತ್ರೆಯನ್ನು ಬದಲಿಸಿ, ಕಾಫಿಯನ್ನೂ ಕಡಿಮೆ ಮಾಡುವಂತೆ ಹೇಳಿದ್ದಾರೆ. ಇವುಗಳಿಗೆ ಪರಸ್ಪರ ಸಂಬಂಧವಿದೆಯೇ?
– ಓದುಗರು, ಮೂಡಿಗೆರೆ

ಉತ್ತರ: ಇದೆ. ನಾವು ಸೇವಿಸುವ ಬಹಳಷ್ಟು ಔಷಧಗಳು ಕೊಬ್ಬಿನಲ್ಲಿ ಸುಲಭವಾಗಿ ಕರಗುವಂಥವಾದ್ದರಿಂದ ಮೂತ್ರಪಿಂಡಗಳು ಅವನ್ನು ಇದ್ದ ಹಾಗೆಯೇ ಹೊರಹಾಕಲಾರವು. ಯಕೃತ್ತಿನ ಸೈಟೋಕ್ರೋಮ್ ಪಿ450 ಗುಂಪಿನ ಕಿಣ್ವಗಳು ತಮ್ಮಲ್ಲಿರುವ ಕಬ್ಬಿಣದ ನೆರವಿನಿಂದ ಅವುಗಳಿಗೆ ಆಮ್ಲಜನಕ ಸೇರಿಸಿ, ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತವೆ. ಥಿಯೋಫಿಲಿನ್ ಮುಖ್ಯವಾಗಿ ಈ ಗುಂಪಿನ 1ಎ2 ಎಂಬ ಕಿಣ್ವದಿಂದ ವಿಘಟನೆಯಾಗುತ್ತದೆ. ಕಾಫಿಯಲ್ಲಿರುವ ಕೆಫೀನ್ ಕೂಡ ಬಹುಪಾಲು ಅದರಿಂದಲೇ. ಇವೆರಡರ ರಚನೆಯಲ್ಲಿ ಒಂದೇ ಒಂದು ಮೀಥೈಲ್ ಗುಂಪಿನ (ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಪುಟ್ಟ ಕೂಟ) ವ್ಯತ್ಯಾಸವಿದೆ. ಕುಡಿದ ಕಾಫಿಯ ಕೆಫೀನಿನಲ್ಲಿ ಸ್ವಲ್ಪ ಭಾಗ ದೇಹದೊಳಗೆ ಥಿಯೋಫಿಲಿನ್ನೇ ಆಗಿಬಿಡುತ್ತದೆ.

ಬೀಡಿಯ ಪಾತ್ರ ಇಲ್ಲಿ ಹೆಚ್ಚು ಕುತೂಹಲಕರ. ತಂಬಾಕು ಸುಟ್ಟಾಗ ಹುಟ್ಟುವ ಕೆಲವು ಹೈಡ್ರೋಕಾರ್ಬನ್‌ಗಳು (ನಿಕೋಟಿನ್ ಅಲ್ಲ) ಯಕೃತ್ತು ಈ ಕಿಣ್ವವನ್ನು ಹೆಚ್ಚು ಪ್ರಮಾಣದಲ್ಲಿ ತಯಾರಿಸುವಂತೆ ಪ್ರಚೋದಿಸುತ್ತವೆ. ಆದ್ದರಿಂದಲೇ ಬೀಡಿ ಸೇದುವವರಿಗೆ ಥಿಯೋಫಿಲಿನ್ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗುತ್ತದೆ. ಬೀಡಿ ಬಿಟ್ಟ ಒಂದು ವಾರದೊಳಗೇ ಕಿಣ್ವ ಗಣನೀಯವಾಗಿ ಇಳಿಯುವುದರಿಂದ, ಹಳೆಯ ಪ್ರಮಾಣವೇ ರಕ್ತದಲ್ಲಿ ಹೆಚ್ಚಾಗಿ ಉಳಿಯತೊಡಗುತ್ತದೆ. ನಿಮ್ಮ ತಂದೆಯವರು ಬೀಡಿ ಬಿಟ್ಟದ್ದು ಬಹಳ ಒಳ್ಳೆಯದಾಯಿತು. ಆದರೆ ಆ ಸುದ್ದಿ ವೈದ್ಯರಿಗೂ ಕೂಡಲೇ ತಿಳಿಯಬೇಕಿತ್ತು. ಅದರ ಮೇಲೆ ಸಿಪ್ರೊಫ್ಲಾಕ್ಸಸಿನ್ ಉಳಿದ ಕಿಣ್ವದ ಕೆಲಸವನ್ನೂ ತಡೆಯಿತು. ಥಿಯೋಫಿಲಿನ್‌ನಲ್ಲಿ ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ತೀರ ಕಡಿಮೆ. ಮಟ್ಟ ಮಿತಿಮೀರಿದರೆ ಹೃದಯದ ಲಯ ತಪ್ಪಬಹುದು, ಫಿಟ್ಸ್ ಕೂಡ ಬರಬಹುದು.

ಕಾಫಿಯ ವಿಷಯದಲ್ಲಿ ವೈದ್ಯರ ಸಲಹೆ ಸರಿಯಾಗಿದೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸರಿಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಇರುವುದೇ ಇಲ್ಲ. ತೋಟದ ಮನೆಯಲ್ಲಿ ಕಾಫಿಯನ್ನು ಪೂರ್ತಿ ಬಿಡಿಸುವುದು ಕಷ್ಟವೆಂದು ಬಲ್ಲೆ. ಸದ್ಯಕ್ಕೆ ಅರೇಬಿಕಾ ಪುಡಿಗೆ ಚಿಕೋರಿ ಹೆಚ್ಚು ಬೆರೆಸಿ, ಬೆಳಗ್ಗೆ ಒಂದು ಲೋಟಕ್ಕೆ ಮಿತಿಗೊಳಿಸಬಹುದೇ ಎಂದು ವೈದ್ಯರನ್ನು ಕೇಳಿ. ಉಬ್ಬಸದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ರಕ್ತದಲ್ಲಿ ಥಿಯೋಫಿಲಿನ್ ಮಟ್ಟವನ್ನು ಅಳೆಯುವ ಪರೀಕ್ಷೆಯಿದೆ. ಅದನ್ನು ಮಾಡಿಸಿ, ಬೀಡಿ ಬಿಟ್ಟ ದೇಹಕ್ಕೆ ತಕ್ಕಂತೆ ಪ್ರಮಾಣವನ್ನು ಹೊಸದಾಗಿ ನಿಗದಿಪಡಿಸುವಂತೆ ಕೇಳಿಕೊಳ್ಳಿ. ಎದೆಬಡಿತ ಅಥವಾ ವಾಂತಿ ಈಗಲೂ ಮುಂದುವರಿದಿದ್ದರೆ ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ.