ಕಿರುಚುವುದು ಬೆಲ್ಟ್, ಸವೆದಿರುವುದು ಬುಷ್

ಪ್ರಶ್ನೆ: ನಾನು ಮೈಸೂರಿನವನು, ಈಗ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ನೆಲೆಸಿದ್ದೇನೆ. ನನ್ನಲ್ಲಿ 1986ರ ವೋಲ್ವೊ 240 ಕಾರಿದೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದೊಡನೆ ಬೆಲ್ಟ್ ಕಿರುಚುತ್ತದೆ. ಹೆಡ್‌ಲೈಟ್ ಹಾಕಿದರೆ ಶಬ್ದ ಇನ್ನೂ ಹೆಚ್ಚುತ್ತದೆ. ಒಂದೇ ವರ್ಷದಲ್ಲಿ ಎರಡು ಸಲ ಬೆಲ್ಟ್ ಬದಲಿಸಿ, ಪ್ರತಿ ಸಲವೂ ಚೆನ್ನಾಗಿ ಬಿಗಿ ಮಾಡಿಸಿದ್ದೇನೆ. ಈಗ ವರ್ಕ್‌ಶಾಪಿನವರು ಆಲ್ಟರ್ನೇಟರನ್ನೇ (ಬೆಲ್ಟಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಸಾಧನ) ಬದಲಿಸಬೇಕು ಎನ್ನುತ್ತಿದ್ದಾರೆ. ಅದು ಅಗತ್ಯವೇ?

ಉತ್ತರ: ಬ್ಯಾಟರಿ ಸರಿಯಾಗಿ ಚಾರ್ಜ್ ಆಗುತ್ತಿದ್ದರೆ ಆಲ್ಟರ್ನೇಟರನ್ನು ಬದಲಿಸುವ ಅಗತ್ಯವಿಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ, 13.8ರಿಂದ 14.4 ವೋಲ್ಟ್ ತೋರಿಸಿದರೆ ಆಲ್ಟರ್ನೇಟರ್ ತನ್ನ ಕೆಲಸವನ್ನು ಮಾಡುತ್ತಿದೆ ಎಂದೇ ತಿಳಿಯಿರಿ. ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ನನ್ನ ಅನುಮಾನ ಹೋಗುವುದು ಆಲ್ಟರ್ನೇಟರನ್ನು ಎಂಜಿನ್ನಿಗೆ ಹಿಡಿದಿಡುವ ರಬ್ಬರ್ ಬುಷ್‌ಗಳ, ಅಂದರೆ ಬೋಲ್ಟಿನ ಸುತ್ತ ಕೂರುವ ಕೊಳವೆಯಾಕಾರದ ತುಂಡುಗಳ, ಕಡೆಗೆ.

1974ರಿಂದ 1993ರವರೆಗೆ ತಯಾರಾದ ಈ ಮಾದರಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನುಗಳಲ್ಲಿ ಆಲ್ಟರ್ನೇಟರ್ ನೇರವಾಗಿ ಲೋಹದ ಮೇಲೆ ಲೋಹವಾಗಿ ಕೂರುವುದಿಲ್ಲ. ಅದರ ಬೋಲ್ಟ್‌ಗಳು ರಬ್ಬರ್ ಬುಷ್‌ಗಳ ಮೂಲಕ ಹಾದುಹೋಗುತ್ತವೆ. ಎಂಜಿನ್ನಿನ ಅದಿರಾಟ ಆಲ್ಟರ್ನೇಟರಿಗೆ ತಟ್ಟಬಾರದೆಂಬುದು ಈ ಏರ್ಪಾಟಿನ ಉದ್ದೇಶ. ಆದರೆ ಮೂವತ್ತು ನಲವತ್ತು ವರ್ಷ ಎಂಜಿನ್ನಿನ ಬಿಸಿಯಲ್ಲಿ ಬೆಂದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ; ಮೇಲಿನಿಂದ ಎಂಜಿನ್ ಆಯಿಲ್ ಸೋರುತ್ತಿದ್ದರೆ ಅದೇ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಎರಡರಲ್ಲಿ ಯಾವುದಾದರೂ ಫಲ ಒಂದೇ: ಬೆಲ್ಟಿನ ಎಳೆತಕ್ಕೆ ಆಲ್ಟರ್ನೇಟರ್ ಓರೆಯಾಗಿ ವಾಲಿ, ಅದರ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ) ಎಂಜಿನ್ನಿನ ಮುಖ್ಯ ದಂಡದ ಕ್ರ್ಯಾಂಕ್ ಪುಲ್ಲಿಯ ನೇರದಿಂದ ತಪ್ಪುತ್ತದೆ. ವಿ ಆಕಾರದ ಬೆಲ್ಟ್ ಹಿಡಿತ ಪಡೆಯುವುದು ತನ್ನ ಎರಡು ಪಕ್ಕಗಳಿಂದಲೇ ಹೊರತು ತಳದಿಂದಲ್ಲ. ಓರೆಯಾದ ಪುಲ್ಲಿಯ ತೋಡಿನೊಳಗೆ ಅದು ಒಂದೇ ಪಕ್ಕದಲ್ಲಿ ಉಜ್ಜುತ್ತಾ ಇಳಿದರೆ ಆ ಪಕ್ಕ ಬೇಗ ಸವೆದು, ನುಣುಪಾಗಿ, ಜಾರಲು ತೊಡಗುತ್ತದೆ. ಹೆಡ್‌ಲೈಟ್ ಹಾಕಿದಾಗ ಆಲ್ಟರ್ನೇಟರನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುವುದರಿಂದ ಆ ಜಾರಿಕೆಯೂ ಅದರ ಶಬ್ದವೂ ಹೆಚ್ಚುತ್ತವೆ.

ನೀವು ಬೆಲ್ಟನ್ನು ಮತ್ತೆ ಮತ್ತೆ ಬಿಗಿ ಮಾಡಿಸಿದ್ದು ಸಹಜವೇ, ಆದರೆ ಅದರಿಂದ ಕಾಯಿಲೆ ಉಲ್ಬಣಿಸಿದೆ. ಎಳೆತ ಹೆಚ್ಚಿದಷ್ಟೂ ಸೋತ ಬುಷ್‌ಗಳು ಇನ್ನಷ್ಟು ವಾಲುತ್ತವೆ, ಮತ್ತು ಅದೇ ಬೆಲ್ಟ್ ತಿರುಗಿಸುವ ವಾಟರ್ ಪಂಪಿನ ಬೇರಿಂಗಿನ ಮೇಲೂ ಅನಗತ್ಯ ಹೊರೆ ಬೀಳುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ, ಆಲ್ಟರ್ನೇಟರಿನ ಮೈಯನ್ನು ಕೈಯಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಸ್ವಲ್ಪ ಮಿಡಿತ ಇರಬಹುದು, ಆದರೆ ಸಡಿಲ ಹಲ್ಲಿನಂತೆ ಅದು ಆಡಬಾರದು. ಬಳಿಕ ಕಾರಿನ ಪಕ್ಕದಿಂದ ಬೆಲ್ಟಿನ ನೇರಕ್ಕೆ ಕಣ್ಣಿಟ್ಟು ನೋಡಿ; ಆಲ್ಟರ್ನೇಟರಿನ ಪುಲ್ಲಿ ಉಳಿದ ಪುಲ್ಲಿಗಳಿಗೆ ಸಮಾನಾಂತರವಾಗಿಲ್ಲದಿದ್ದರೆ ಉತ್ತರ ನಿಮ್ಮ ಕಣ್ಣ ಮುಂದೆಯೇ ಇದೆ.

ಪ್ರಶ್ನೆ: ಬುಷ್‌ಗಳೇ ಕಾರಣವೆಂದಾದರೆ ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ? ರಬ್ಬರ್ ಹಾಕುವುದೋ, ಪಾಲಿಯುರೆಥೇನ್ ಹಾಕುವುದೋ? (ಇದೇ ಓದುಗರು)

ಉತ್ತರ: ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರಿಗೆ ಇದು ಅರ್ಧ ದಿನದ ಕೆಲಸ. ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ. ಇದನ್ನು ಔಪಚಾರಿಕ ಎಚ್ಚರಿಕೆಯೆಂದು ತಳ್ಳಿಹಾಕಬೇಡಿ: ಆಲ್ಟರ್ನೇಟರಿನ ಹಿಂಬದಿಯ ದಪ್ಪ ವೈರಿನಲ್ಲಿ ಕೀಲಿ ತೆಗೆದಾಗಲೂ ಬ್ಯಾಟರಿಯ ವಿದ್ಯುತ್ ಇದ್ದೇ ಇರುತ್ತದೆ, ಸ್ಪ್ಯಾನರ್ ಅದಕ್ಕೂ ಎಂಜಿನ್ನಿಗೂ ಒಟ್ಟಿಗೆ ತಗುಲಿದರೆ ಕಿಡಿ ಹಾರುತ್ತದೆ.

ನಂತರ ಬಿಗಿ ಹೊಂದಿಸುವ ಬೋಲ್ಟನ್ನು ಸಡಿಲಿಸಿ ಬೆಲ್ಟ್‌ಗಳನ್ನು ತೆಗೆಯಿರಿ. ವೈರುಗಳನ್ನು ಕಳಚುವ ಮುನ್ನ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ನಿಮ್ಮದು 1986ರ ಕಾರು ಎಂಬುದರಿಂದ ಇಲ್ಲಿ ವಿಶೇಷ ಜಾಗ್ರತೆ ಬೇಕು. 1980ರ ದಶಕದ ಆರಂಭದಿಂದ 1987ರವರೆಗಿನ ಅನೇಕ 240 ಕಾರುಗಳ ಎಂಜಿನ್ ವೈರಿಂಗಿನ ಹೊದಿಕೆ ವರ್ಷಗಳು ಕಳೆದಂತೆ ಪುಡಿಯಾಗಿ ಉದುರುವ ಜಾತಿಯದು. ಹಿಂದಿನ ಮಾಲೀಕರು ಅದನ್ನು ಬದಲಿಸಿರದಿದ್ದರೆ ವೈರನ್ನು ಬಾಗಿಸಿದಲ್ಲೆಲ್ಲ ತಾಮ್ರ ಹೊರಗೆ ಕಾಣಬಹುದು, ಆಗ ಬುಷ್‌ಗಿಂತ ಮೊದಲು ಅದರ ಚಿಕಿತ್ಸೆಯಾಗಬೇಕು.

ಉದ್ದನೆಯ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ತಿರುಪಿನ ಗೆರೆಗಳಿರುವ ತುದಿಗೆ ನೇರವಾಗಿ ಸುತ್ತಿಗೆಯಿಂದ ಹೊಡೆದರೆ ಆ ಗೆರೆಗಳು ಹಾಳಾಗುತ್ತವೆ. ನಟ್ಟನ್ನು ತುದಿಯವರೆಗೆ ತಿರುಗಿಸಿಟ್ಟು, ಮರದ ತುಂಡನ್ನು ಅಡ್ಡವಿಟ್ಟು ತಟ್ಟಬೇಕು. ಹಳೆಯ ಬುಷ್‌ಗಳನ್ನು ಹೊರತಳ್ಳಲು ವೈಸ್ ಒಂದು, ದೊಡ್ಡದು ಸಣ್ಣದು ಎರಡು ಸಾಕೆಟ್ ಸಾಕು: ಸಣ್ಣದು ಒತ್ತುತ್ತದೆ, ದೊಡ್ಡದು ಹೊರಬರುವ ಬುಷ್‌ಗೆ ಜಾಗ ಕೊಡುತ್ತದೆ. ಬುಷ್ ಕೂರುವ ರಂಧ್ರವನ್ನು ಉಜ್ಜಿ ಸ್ವಚ್ಛಗೊಳಿಸಿ, ಹೊಸದನ್ನು ಸೋಪಿನ ನೀರು ಸವರಿ ಒಳಗೊತ್ತಿ. ರಬ್ಬರಿಗೆ ಗ್ರೀಸನ್ನಾಗಲಿ ಎಂಜಿನ್ ಆಯಿಲನ್ನಾಗಲಿ ಹಚ್ಚಬೇಡಿ. ಹಳೆಯದನ್ನು ಕೆಡಿಸಿದ್ದೇ ಅದು.

ರಬ್ಬರೋ ಪಾಲಿಯುರೆಥೇನೋ ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ. ಪಾಲಿಯುರೆಥೇನ್ ಆಯಿಲಿಗೆ ಅಷ್ಟು ಸುಲಭವಾಗಿ ಸೋಲುವುದಿಲ್ಲ, ಓರೆಯಾಗುವುದೂ ಕಡಿಮೆ. ಆದರೆ ಅದು ಗಟ್ಟಿಯಾದ ಕಾರಣ ಅದಿರಾಟ ತುಸು ಹೆಚ್ಚಾಗಿ ದಾಟಿ ಬರುತ್ತದೆ. ಆಯಿಲ್ ಸೋರಿಕೆಯನ್ನು ಈಗಲೇ ನಿಲ್ಲಿಸಲಾಗದ ಎಂಜಿನ್ನಿಗೆ ಅದು ಸರಿ. ಸೋರಿಕೆ ಇಲ್ಲದಿದ್ದರೆ ಒಳ್ಳೆಯ ಗುಣಮಟ್ಟದ ರಬ್ಬರನ್ನೇ ನಾನು ಆರಿಸುತ್ತೇನೆ. ಹೆಸರಿಲ್ಲದ ಅಗ್ಗದ ರಬ್ಬರನ್ನು ಮಾತ್ರ ಕೊಳ್ಳಬೇಡಿ, ಅದೇ ಕೆಲಸವನ್ನು ಬೇಗನೆ ಮತ್ತೊಮ್ಮೆ ಮಾಡಬೇಕಾಗುತ್ತದೆ.

ಜೋಡಿಸುವಾಗ ಬೋಲ್ಟ್‌ಗಳನ್ನು ಮೊದಲು ಕೈಬಿಗಿಗಷ್ಟೇ ತಂದು, ಬೆಲ್ಟ್ ಹಾಕಿ, ಬೆಲ್ಟಿನ ಬಿಗಿ ಹೊಂದಿಸಿದ ಮೇಲೆಯೇ ಪೂರ್ತಿ ಬಿಗಿಮಾಡಿ. ಮೊದಲೇ ಬಿಗಿದರೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟ್ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಜೋಡಿ ಬೆಲ್ಟ್ ಇರುವಲ್ಲಿ ಎರಡನ್ನೂ ಒಟ್ಟಿಗೇ ಬದಲಿಸಿ. ಹೊಸ ಬೆಲ್ಟ್ ಸ್ವಲ್ಪ ಹಿಗ್ಗುವುದರಿಂದ ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಬಿಗಿಯನ್ನು ಇನ್ನೊಮ್ಮೆ ನೋಡಬೇಕು.

ಇನ್ನು ಬಹಳ ಮಂದಿ ಮರೆಯುವ ಸಂಗತಿಗೆ ಬರುತ್ತೇನೆ. ರಬ್ಬರ್ ವಿದ್ಯುತ್ತನ್ನು ಹಾಯಿಸುವುದಿಲ್ಲ. ಹಾಗಾಗಿ ಆಲ್ಟರ್ನೇಟರಿನ ಮೈಯಿಂದ ಎಂಜಿನ್ನಿಗೆ ಪ್ರತ್ಯೇಕವಾದ ಅರ್ತ್ ವೈರ್ ಇರಲೇಬೇಕು. ಪರಿಚಿತರೊಬ್ಬರ ಕಾರಿನಲ್ಲಿ ಹೊಸ ಬುಷ್ ಹಾಕಿದ ಮರುದಿನವೇ ಚಾರ್ಜಿಂಗ್ ದೀಪ ಮಂದವಾಗಿ ಉರಿಯತೊಡಗಿತು. ಹೊಸ ಆಲ್ಟರ್ನೇಟರಿಗೆ ಹಣ ಕೊಡಲು ಅವರು ಸಿದ್ಧರಾಗಿದ್ದರು. ಬಗ್ಗಿ ನೋಡಿದರೆ ಆ ವೈರ್ ಒಂದು ತುದಿಯಲ್ಲಿ ಕಳಚಿ ನೇತಾಡುತ್ತಿತ್ತು. ಹಳೆಯ ವೈರ್ ಹಸಿರು ತುಕ್ಕು ಹಿಡಿದಿದ್ದರೆ ದಪ್ಪನೆಯ ಹೊಸದನ್ನೇ ಹಾಕಿ, ಅದು ತಗುಲುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ. ಕೊನೆಗೆ ಹೆಡ್‌ಲೈಟ್ ಹಾಕಿ ಎಂಜಿನ್ ಓಡಿಸುತ್ತಾ, ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವಿನ ವೋಲ್ಟೇಜ್ ಅಳೆಯಿರಿ. ತಿರುಗುವ ಫ್ಯಾನಿನಿಂದ ಕೈಯನ್ನೂ ತೋಳನ್ನೂ ದೂರವಿಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಇನ್ನೂ ಸರಿಯಾಗಿಲ್ಲ.

ಪ್ರಶ್ನೆ: ನನ್ನ ಹಳೆಯ ಕಾರಿನ ಆಲ್ಟರ್ನೇಟರ್ ಕೂಡ ಅಲುಗಾಡುತ್ತದೆ, ಆದರೆ ರಬ್ಬರ್ ಬುಷ್ ಎಲ್ಲಿಯೂ ಕಾಣಿಸುತ್ತಿಲ್ಲ. ಏನು ಮಾಡಲಿ? (ಓದುಗರೊಬ್ಬರು, ಹಾಸನ)

ಉತ್ತರ: ಎಲ್ಲ ಕಾರುಗಳಲ್ಲೂ ರಬ್ಬರ್ ಇರುವುದಿಲ್ಲ, ಬೋಲ್ಟ್ ಆಲ್ಟರ್ನೇಟರಿನ ಮೈಯಿಂದ ಚಾಚಿದ ಲೋಹದ ಕಿವಿಯ ಮೂಲಕ ನೇರವಾಗಿ ಹಾದುಹೋಗುವ ವ್ಯವಸ್ಥೆಯೇ ಹೆಚ್ಚು. ಅಂಥ ಕಡೆ ಬೋಲ್ಟ್ ಸಡಿಲವಾಗಿ ಬಹುಕಾಲ ಓಡಿಸಿದರೆ ಅಲ್ಯೂಮಿನಿಯಮ್ ಕಿವಿಯ ರಂಧ್ರ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಆಗ ಬೋಲ್ಟನ್ನು ಎಷ್ಟು ಬಿಗಿದರೂ ಅದು ನಿಲ್ಲುವುದಿಲ್ಲ, ಮತ್ತು ಅತಿಯಾಗಿ ಬಿಗಿದರೆ ಕಿವಿಯೇ ಮುರಿಯಬಹುದು. ಆಲ್ಟರ್ನೇಟರನ್ನು ಬಿಚ್ಚಿ ಒಳ್ಳೆಯ ಲೇತ್ ಅಂಗಡಿಗೆ ಒಯ್ಯಿರಿ. ರಂಧ್ರವನ್ನು ದುಂಡಗೆ ಕೊರೆದು ಉಕ್ಕಿನ ಬುಷ್ ಒತ್ತಿ ಕೂರಿಸಿಕೊಡುತ್ತಾರೆ. ಬೋಲ್ಟನ್ನೂ ಜೊತೆಗೆ ಕೊಟ್ಟು ಅದರ ಅಳತೆಗೆ ಸರಿಯಾಗಿ ಕೊರೆಯಲು ಹೇಳಿ. ಕಿವಿಯ ಬುಡದಲ್ಲಿ ಬಿರುಕು ಕಂಡರೆ ಮಾತ್ರ ಈ ರಿಪೇರಿಗೆ ಖರ್ಚು ಮಾಡದೆ ಆ ಭಾಗವನ್ನೇ ಬದಲಿಸಿ.