ಕೋಲಾರದ ನಮ್ಮ ಲ್ಯಾಬಿನಲ್ಲಿ 1000 ಮೈಕ್ರೋಲೀಟರ್ (ಒಂದು ಮಿಲಿಲೀಟರ್) ಪಿಪೆಟ್ಟಿನ, ಅಂದರೆ ದ್ರವ ಅಳೆದು ಹಾಕುವ ಉಪಕರಣದ, ನೀರು 996 ಮಿಲಿಗ್ರಾಂ ತೂಗುತ್ತಿದೆ, ಅಳತೆ ಹೊಂದಿಸುವ ಕೀ ತಿರುಗಿಸಿ ಸರಿ ಮಾಡಬೇಕಾ?

ಬೇಡ, ಕೀ ಮುಟ್ಟಬೇಡಿ. ನೀರು 25 ಡಿಗ್ರಿ ಇದ್ದರೆ ಬರಬೇಕಾದ ತೂಕವೇ ಅದು. ಆ ಬಿಸಿಗೆ ಒಂದು ಮಿಲಿಲೀಟರ್ ನೀರು ಸುಮಾರು 0.997 ಗ್ರಾಂ ಇರುತ್ತದೆ, ಜೊತೆಗೆ ಸುತ್ತಲಿನ ಗಾಳಿ ಒಂಚೂರು ಮೇಲಕ್ಕೆ ಎತ್ತುತ್ತದೆ, ಹಾಗಾಗಿ ತಕ್ಕಡಿ ಇನ್ನೂ ಸ್ವಲ್ಪ ಕಮ್ಮಿ ತೋರಿಸುತ್ತದೆ. ಮಿಲಿಗ್ರಾಂ ಅನ್ನು 1.0039ರಿಂದ ಗುಣಿಸಿ, ಮೈಕ್ರೋಲೀಟರ್ ಸಿಗುತ್ತದೆ. ಈ ಗುಣಕದ ಪಟ್ಟಿಗಳಲ್ಲಿ 25 ಡಿಗ್ರಿಗೆ 1.0040 ಅಂತ ಇದ್ದರೆ ಅದು ಸಮುದ್ರಮಟ್ಟದ ಲೆಕ್ಕ. ಕೋಲಾರ 800 ಮೀಟರಿಗಿಂತ ಎತ್ತರದಲ್ಲಿದೆ, ಗಾಳಿ ಒತ್ತಡ ಕಮ್ಮಿ, ಅಷ್ಟೇ. ಏಪ್ರಿಲ್ ಸೆಕೆಯಲ್ಲಿ ನೀರು 30 ಡಿಗ್ರಿ ಆಯ್ತು ಅಂದರೆ ಮಾತ್ರ 1.0053 ಹಿಡಿಯಬೇಕು, ಇದು ಎತ್ತರದಿಂದ ಬರುವ ವ್ಯತ್ಯಾಸಕ್ಕಿಂತ ದೊಡ್ಡದು.

ಒಂದೇ ಸಲ ತೂಗಿ ತೀರ್ಮಾನಿಸಬೇಡಿ. ಡಿಸ್ಟಿಲ್ಡ್ ನೀರು, ಪಿಪೆಟ್, ಅದರ ತುದಿಗೆ ಹಾಕುವ ಪ್ಲಾಸ್ಟಿಕ್ ಟಿಪ್ಪು ಎಲ್ಲವೂ ಒಂದೇ ಕೋಣೆಯಲ್ಲಿ ಎರಡು ಗಂಟೆ ಇರಲಿ. ಟಿಪ್ಪನ್ನು ಮೊದಲು ನಾಲ್ಕೈದು ಸಲ ನೀರೆಳೆದು ಒದ್ದೆ ಮಾಡಿ, ನೇರವಾಗಿ ಹಿಡಿದು ಎರಡು ಮೂರು ಮಿಲಿಮೀಟರ್ ಮಾತ್ರ ಮುಳುಗಿಸಿ, 10 ಸಲ ತೂಗಿ ಸರಾಸರಿ ತೆಗೆಯಿರಿ. ಪಿಪೆಟ್ಟುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 8655 ಪ್ರಕಾರ ಈ ಅಳತೆಗೆ 8 ಮೈಕ್ರೋಲೀಟರ್ ಹೆಚ್ಚು ಕಮ್ಮಿ ಆದರೂ ಪಾಸು.

ಅದನ್ನೂ ದಾಟಿದರೆ ಮೊದಲು ಟಿಪ್ಪು ಬದಲಿಸಿ, ಆಮೇಲೆ ಒಳಗಿನ ರಬ್ಬರ್ ರಿಂಗ್ ನೋಡಿ. ನೀರೆಳೆದು ಸುಮ್ನೆ ಹಿಡಿದಾಗ ಹನಿ ಬಿದ್ದರೆ ಅದು ಲೀಕು, ಕೀ ತಿರುಗಿಸಿದರೆ ಏನೂ ಆಗದು. ಲೀಕಿಲ್ಲ, ಹತ್ತೂ ಸಲ ಒಂದೇ ತರ ಕಮ್ಮಿ ಬರುತ್ತಿದೆ ಅಂದರೆ ಮಾತ್ರ ಕೀಯಿಂದ ಒಂಚೂರು ತಿರುಗಿಸಿ, ಮತ್ತೆ 10 ಸಲ ತೂಗಿ.